ಡೆನ್ಮಾರ್ಕ್ ಕರಾವಳಿ ಪ್ರವಾಸದಲ್ಲಿ ರೀಬ ಊರಿಗೆ ಮೂರು ಗಂಟೆ ಕೊಡಬಹುದಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಇಷ್ಟು. ಹ್ಯಾಂಬರ್ಗ್‌ನಿಂದ ಬಾಡಿಗೆ ಕಾರಿನಲ್ಲಿ ಹೊರಟು, ಡೆನ್ಮಾರ್ಕಿನ ಪಶ್ಚಿಮ ಕರಾವಳಿ ಹಿಡಿದು ಉತ್ತರದ ತುದಿ ಸ್ಕಾಗೆನ್‌ವರೆಗೆ ಹೋಗುತ್ತಿದ್ದೀರಿ. ಊರಿಂದ ಬಂದ ಅಪ್ಪ-ಅಮ್ಮ ಜೊತೆಗಿದ್ದಾರೆ, ಇಬ್ಬರೂ ಮೊಟ್ಟೆ ಸಹ ಮುಟ್ಟದವರು. ಮೊದಲ ದಿನ ದಾರಿಯಲ್ಲಿ ಸಿಗುವ ರೀಬದಲ್ಲಿ ಎರಡು-ಮೂರು ಗಂಟೆ ನಿಲ್ಲುವುದು ಸಾರ್ಥಕವಾ, ಅಥವಾ ಅದೂ ನಾಲ್ಕು ಫೋಟೊ ತೆಗೆದು ಹೊರಡುವ ಊರಾ ಅಂತ ಕೇಳಿದ್ದೀರಿ.

ನಿಲ್ಲಿ. ಮೂರು ಗಂಟೆ ಸಾಕು. ಆದರೆ ಆ ಮೂರು ಗಂಟೆಯನ್ನು ಮ್ಯೂಸಿಯಂಗಳಿಗೆ ಹಂಚಿ ಹಾಕಬೇಡಿ. ಒಂದು ಗೋಪುರ, ಒಂದು ಕಂಬ, ಹೊಳೆ ಪಕ್ಕದ ನಾಲ್ಕು ಬೀದಿ, ಇಷ್ಟೇ ನೋಡಿ. ನಾನು ಹ್ಯಾಂಬರ್ಗ್‌ನಲ್ಲೇ ಇರುವವನು. ಊರಿಂದ ಯಾರೇ ಬಂದರೂ ಈ ದಾರಿಯಲ್ಲಿ ಒಂದು ಸುತ್ತು ಕರೆದುಕೊಂಡು ಹೋಗುವುದು ರೂಢಿಯಾಗಿಬಿಟ್ಟಿದೆ. ರೀಬದಲ್ಲಿ ನಿಲ್ಲಿ ಅನ್ನುವುದಕ್ಕೆ ಅದರ ಚಂದ ಒಂದೇ ಕಾರಣ ಅಲ್ಲ. ಮುಂದಿನ ದಿನಗಳಲ್ಲಿ ನೀವು ನೋಡುವ ಒಡ್ಡು, ಮರಳುಗುಡ್ಡ, ಕೆಸರು ಬಯಲು ಎಲ್ಲ ಯಾಕೆ ಹಾಗಿವೆ ಅನ್ನುವುದು ಇಲ್ಲಿ ತಲೆಗೆ ಹೋಗುತ್ತದೆ. ಇದನ್ನು ಬಿಟ್ಟು ಮುಂದೆ ಹೋದವರಿಗೆ ಆ ಕರಾವಳಿ ಬರೀ ಗಾಳಿ, ಹುಲ್ಲು, ಕುರಿ ಅನ್ನಿಸಿಬಿಡುತ್ತದೆ.

ಮೊದಲು ದಾರಿ. ಮ್ಯಾಪ್ ನಿಮ್ಮನ್ನು ಎ7 ಹೆದ್ದಾರಿಗೆ, ಫ್ಲೆನ್ಸ್‌ಬುರ್ಗ್ ಕಡೆಗೆ ತಳ್ಳುತ್ತದೆ. ಬೇಗ ತಲುಪುತ್ತೀರಿ, ಆದರೆ ನೋಡಲು ಲಾರಿ ಬಿಟ್ಟರೆ ಏನೂ ಇಲ್ಲ. ಅದರ ಬದಲು ಎ23 ಹಿಡಿದು ಹೈಡೆಗೆ ಹೋಗಿ. ಅಲ್ಲಿಂದ ಬಿ5 ರಸ್ತೆಯಲ್ಲಿ ಹೂಸುಮ್, ನೀಬ್ಯುಲ್ ದಾಟಿ ಟೋಂಡರ್ ಹತ್ತಿರ ಡೆನ್ಮಾರ್ಕಿಗೆ ಕಾಲಿಡಿ. ಒಟ್ಟು 250 ಕಿ.ಮೀ. ಆಸುಪಾಸು, ಚಹಾಕ್ಕೆ ನಿಂತು ಹೋದರೆ ನಾಲ್ಕು ಗಂಟೆ ಹಿಡಿಯುತ್ತದೆ. ಹೂಸುಮ್ ಬಿಟ್ಟ ಮೇಲೆ ನೆಲ ಪೂರ್ತಿ ಚಪ್ಪಟೆ. ಗದ್ದೆಗಳ ನಡುವೆ ಕಾಲುವೆ, ಕಾಲುವೆ ಆಚೆ ಹಸು, ಅದರಾಚೆ ಗಾಳಿಯಂತ್ರ. ಎಡಗಡೆ ಸಮುದ್ರ ಹತ್ತಿರದಲ್ಲೇ ಇದ್ದರೂ ಕಾಣುವುದಿಲ್ಲ, ಒಡ್ಡು ಮರೆ ಮಾಡಿರುತ್ತದೆ.

ಟೋಂಡರ್‌ನಿಂದ ಪಶ್ಚಿಮಕ್ಕೆ ನಾಲ್ಕೈದು ಕಿ.ಮೀ. ಒಳಗೆ ಹೋದರೆ ಮೋಗೆಲ್‌ಟೋಂಡರ್ ಅಂತ ಹಳ್ಳಿ. ಕಲ್ಲು ಹಾಸಿದ ಒಂದೇ ಉದ್ದ ಬೀದಿ, ಎರಡೂ ಕಡೆ ಲಿಂಡೆನ್ ಮರದ ಸಾಲು, ತುದಿಯಲ್ಲಿ ಶಾಕೆನ್‌ಬೋರ್ಗ್ ಅರಮನೆ. ಇಳಿದು ಇಪ್ಪತ್ತು ನಿಮಿಷ ಅಡ್ಡಾಡಿ ಹೊರಡಿ, ಜಾಸ್ತಿ ಬೇಡ. ಟೋಂಡರ್‌ನಿಂದ ರೀಬಕ್ಕೆ 11ನೇ ನಂಬರಿನ ರಸ್ತೆ, ಐವತ್ತು ಕಿ.ಮೀ.ಗಿಂತ ಸ್ವಲ್ಪ ಕಮ್ಮಿ. ದಾರಿಯಲ್ಲಿ ಅಲ್ಲಲ್ಲಿ ಕಂದು ಬೋರ್ಡಿನ ಮೇಲೆ ಬಿಳಿ ಡೇಸಿ ಹೂವಿನ ಚಿತ್ರ ಕಾಣುತ್ತದೆ. ಅದು ಮಾರ್ಗರೀಟ್ ರೂಟ್, ಇಡೀ ದೇಶ ಸುತ್ತಿಸುವ ಸುಂದರ ರಸ್ತೆಗಳ ಜಾಲ. 1991ರಲ್ಲಿ ಶುರು ಮಾಡಿದ್ದು, ರಾಣಿ ಮಾರ್ಗ್ರೇಟ ಅವರಿಗೆ ಇಷ್ಟದ ಹೂವನ್ನೇ ಗುರುತಾಗಿ ಇಟ್ಟರು. ಸಮಯ ಇದ್ದಾಗ ಆ ಹೂವನ್ನು ಹಿಂಬಾಲಿಸಿ. ಹೊತ್ತಾಗಿದ್ದರೆ ಬಿಡಿ, ಅದು ಬೇಕಂತಲೇ ಸುತ್ತಿಸಿಕೊಂಡು ಹೋಗುವ ದಾರಿ.

ಕಾಗದ-ಪತ್ರದ ವಿಷಯ ಒಂದೇ ಮಾತಲ್ಲಿ. ಎರಡೂ ದೇಶ ಶೆಂಗೆನ್ (ಗಡಿ ತಪಾಸಣೆ ಇಲ್ಲದೆ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪು) ಒಳಗೇ ಇದ್ದರೂ 2016ರಿಂದ ಡೆನ್ಮಾರ್ಕ್ ಗಡಿಯಲ್ಲಿ ಆಗಾಗ ತಪಾಸಣೆ ಇದ್ದೇ ಇದೆ. ಅಪ್ಪ-ಅಮ್ಮನ ಪಾಸ್‌ಪೋರ್ಟ್ ಡಿಕ್ಕಿಯ ಸೂಟ್‌ಕೇಸಿನ ತಳದಲ್ಲಿ ಇಡಬೇಡಿ, ಕೈಗೆ ಸಿಗುವಂತಿರಲಿ.

ವೇಗದ ಬಗ್ಗೆ ಮಾತ್ರ ಸ್ವಲ್ಪ ಗಂಭೀರವಾಗಿ ಹೇಳುತ್ತೇನೆ. ಜರ್ಮನಿಯಲ್ಲಿ ಓಡಿಸಿ ಕಾಲಿಗೆ ಅಭ್ಯಾಸ ಆಗಿರುತ್ತದೆ. ಡೆನ್ಮಾರ್ಕಿನಲ್ಲಿ ಊರೊಳಗೆ 50, ಹೊರಗಿನ ರಸ್ತೆಯಲ್ಲಿ ಸಾಮಾನ್ಯವಾಗಿ 80, ಮೋಟರ್‌ವೇಯಲ್ಲಿ ಜಾಸ್ತಿ ಅಂದರೆ 130. 2021ರಿಂದ ಇನ್ನೊಂದು ಕಾನೂನು ಇದೆ. 200 ಕಿ.ಮೀ. ದಾಟಿದಂಥ ಹುಚ್ಚು ವೇಗಕ್ಕೆ ಪೊಲೀಸರು ಕಾರನ್ನೇ ಜಪ್ತಿ ಮಾಡುತ್ತಾರೆ. ಬಾಡಿಗೆ ಕಾರು, ಬೇರೆಯವರ ಕಾರು ಅಂತ ನೋಡುವುದಿಲ್ಲ. ನೀವು ಅಪ್ಪ-ಅಮ್ಮನ ಜೊತೆ ಹಾಗೆಲ್ಲ ಓಡಿಸಲ್ಲ ಬಿಡಿ. ಆದರೆ ಜೊತೆಗೆ ಇಪ್ಪತ್ತೆರಡು ವಯಸ್ಸಿನ ತಮ್ಮನೋ ಭಾವನೋ ಸ್ಟಿಯರಿಂಗ್ ಹಿಡಿಯುವವರಿದ್ದರೆ ಮೊದಲೇ ಹೇಳಿ ಕೂರಿಸಿ.

ಊರು ಇನ್ನೂ ದೂರ ಇರುವಾಗಲೇ ಗೋಪುರ ಕಾಣುತ್ತದೆ. ಬಯಲಿನ ಮಧ್ಯೆ ಅದೊಂದೇ ಎತ್ತರ. ಊರೊಳಗೆ ಹೋದ ಕೂಡಲೇ ಪಾರ್ಕಿಂಗ್ ಬೋರ್ಡು ನೋಡಿ. ತುಂಬಾ ಕಡೆ ದುಡ್ಡಿಲ್ಲ, ಆದರೆ ಸಮಯದ ಮಿತಿ ಇರುತ್ತದೆ. ಬೋರ್ಡಿನಲ್ಲಿ ಪಿ-ಸ್ಕಿವೆ ಅಂತಿದ್ದರೆ ಬಂದ ಹೊತ್ತು ತೋರಿಸುವ ಪಾರ್ಕಿಂಗ್ ಗಡಿಯಾರವನ್ನು ಗಾಜಿನ ಹಿಂದೆ ಇಡಬೇಕು ಅಂತ ಅರ್ಥ. ಬಾಡಿಗೆ ಕಾರಿನಲ್ಲಿ ನೀಲಿ ಬಣ್ಣದ್ದು ಒಂದು ಇರುತ್ತದೆ, ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ ಹುಡುಕಿ. ಮುಳ್ಳನ್ನು ಮುಂದಿನ ಕಾಲು ಗಂಟೆಗೆ ತಿರುಗಿಸಿ ಇಡಿ. ಎರಡು ಗಂಟೆ ಅಂತ ಬರೆದಿರುವ ಜಾಗದಲ್ಲಿ ಮೂರು ಗಂಟೆ ನಿಲ್ಲಿಸಬೇಡಿ, ಸ್ವಲ್ಪ ಆಚೆ ಜಾಸ್ತಿ ಹೊತ್ತಿನ ಜಾಗ ಸಿಗುತ್ತದೆ. ಊರೇ ಚಿಕ್ಕದು, ಸುಮಾರು ಎಂಟು ಸಾವಿರ ಜನ. ಎಲ್ಲಿ ನಿಲ್ಲಿಸಿದರೂ ಹತ್ತು ನಿಮಿಷದಲ್ಲಿ ಚೌಕಕ್ಕೆ ಬರುತ್ತೀರಿ.

ಚೌಕದಲ್ಲಿ ನಿಂತರೆ ಮುಂದೆ ಕೆಥೆಡ್ರಲ್. ಒಳಗೆ ಹೋಗುವಾಗ ಕಾಲ ಕೆಳಗೆ ಗಮನಿಸಿ. ನೀವು ಹತ್ತುವುದಿಲ್ಲ, ಇಳಿಯುತ್ತೀರಿ. ಕಟ್ಟುವ ಕಾಲದಲ್ಲಿ ಇದು ಸುತ್ತಲಿನ ನೆಲಕ್ಕಿಂತ ಎತ್ತರದಲ್ಲೇ ಇತ್ತು. ಆಮೇಲೆ ನೂರಾರು ವರ್ಷ ಊರಿನವರು ಕಸ, ಗೊಬ್ಬರ, ಬಿದ್ದ ಮನೆಯ ಮಣ್ಣು ಎಲ್ಲದರ ಮೇಲೇ ಮನೆ ಕಟ್ಟಿಕೊಂಡು ಬಂದರು. ನೆಲ ಮೇಲೆ ಬಂತು, ಇದು ಅಲ್ಲೇ ಉಳಿಯಿತು. ಕಟ್ಟಡ ಶುರುವಾಗಿದ್ದು ಹನ್ನೆರಡನೇ ಶತಮಾನದಲ್ಲಿ. ಗೋಡೆಯ ಕಲ್ಲು ಈ ಸೀಮೆಯದಲ್ಲ, ಜರ್ಮನಿಯ ರೈನ್ ನದಿ ಕಡೆಯಿಂದ ಹಡಗಿನಲ್ಲಿ ತಂದಿದ್ದು. ಈ ಚಪ್ಪಟೆ ನೆಲದಲ್ಲಿ ಕಲ್ಲು ಎಲ್ಲಿ ಸಿಗಬೇಕು? ಅಷ್ಟು ದೂರದಿಂದ ಕಲ್ಲು ತರಿಸುವ ತಾಕತ್ತು ಊರಿಗಿತ್ತು ಅನ್ನುವುದು ಇಲ್ಲಿ ಮುಖ್ಯ. ರೀಬ ಡೆನ್ಮಾರ್ಕಿನ ಅತ್ಯಂತ ಹಳೆಯ ಪಟ್ಟಣ. ಎಂಟನೇ ಶತಮಾನದ ಆರಂಭದಲ್ಲೇ ಹೊಳೆಯ ದಡದಲ್ಲಿ ಇಲ್ಲೊಂದು ಸಂತೆ ಕೂಡುತ್ತಿತ್ತು. ಮಣಿ ಮಾಡುವವರು, ಬಾಚಣಿಗೆ ಮಾಡುವವರು, ರೈನ್ ಕಡೆಯ ವ್ಯಾಪಾರಿಗಳು ಎಲ್ಲ ಬರುತ್ತಿದ್ದರು.

ಒಳಗೆ ಮುಂಭಾಗದ ಅರ್ಧವೃತ್ತದ ಗೋಡೆ ನೋಡಿದರೆ ಒಂದು ಕ್ಷಣ ಗಲಿಬಿಲಿಯಾಗುತ್ತದೆ. ಎಂಟುನೂರು ವರ್ಷದ ಕಂಬಗಳ ನಡುವೆ ಕೆಂಪು, ಹಳದಿ, ನೀಲಿ ಬಣ್ಣದ ಮೊಸಾಯಿಕ್, ಮಕ್ಕಳು ಬಿಡಿಸಿದಂಥ ಆಕಾರಗಳು. ಕಾರ್ಲ್-ಹೆನ್ನಿಂಗ್ ಪೆಡರ್ಸನ್ ಎಂಬ ಕಲಾವಿದ 1980ರ ದಶಕದಲ್ಲಿ ಮಾಡಿದ್ದು. ಕಿಟಕಿಯ ಬಣ್ಣದ ಗಾಜು, ಗೋಡೆ ಚಿತ್ರ, ಮೊಸಾಯಿಕ್ ಮೂರೂ ಅವರದೇ. ನಮ್ಮಮ್ಮ ನೋಡಿ, "ಹಳೇ ದೇವಸ್ಥಾನಕ್ಕೆ ಬ್ರಹ್ಮೋತ್ಸವಕ್ಕೆ ಅಂತ ಹೊಸ ಪೇಂಟ್ ಹೊಡೆದ ಹಾಗಿದೆ" ಅಂದರು. ಆದರೂ ಅರ್ಧ ಗಂಟೆ ಅಲ್ಲೇ ಬೆಂಚಿನ ಮೇಲೆ ಕೂತು ಅದನ್ನೇ ನೋಡುತ್ತಿದ್ದರು. ನನಗೆ ಅದು ಇಷ್ಟ. ನಿಮ್ಮ ಅಪ್ಪ-ಅಮ್ಮನಿಗೆ ಮಂಡಿ ನೋವಿದ್ದರೆ ಅವರನ್ನು ಇಲ್ಲೇ ಕೂರಿಸಿ, ನೀವು ಗೋಪುರ ಹತ್ತಿ ಬನ್ನಿ.

ಗೋಪುರಕ್ಕೆ ಟಿಕೆಟ್ ಇದೆ. 52 ಮೀಟರ್ ಎತ್ತರ, 248 ಮೆಟ್ಟಿಲು. ಹತ್ತುವಾಗ ಸುಸ್ತಾದರೆ ಮಧ್ಯೆ ನಿಲ್ಲಲು ಜಾಗ ಇದೆ. ಮೇಲೆ ಹೋದ ಮೇಲೆ ಟೋಪಿ ಕೈಯಲ್ಲಿ ಹಿಡಿದುಕೊಳ್ಳಿ, ಗಾಳಿ ಯಾವಾಗಲೂ ಜೋರು. ಕೆಥೆಡ್ರಲ್‌ಗೇ ಅಂಟಿಕೊಂಡಿದ್ದರೂ ಇದನ್ನು ನಾಗರಿಕರ ಗೋಪುರ ಅಂತ ಕರೆಯುತ್ತಾರೆ. ಹಿಂದೆ ಇದ್ದದ್ದು 1283ರ ಕ್ರಿಸ್ಮಸ್ ಹೊತ್ತಿನಲ್ಲಿ ಕುಸಿದು ಬಿತ್ತು. ಆಮೇಲೆ ಹದಿನಾಲ್ಕನೇ ಶತಮಾನದಲ್ಲಿ ಇಟ್ಟಿಗೆಯಲ್ಲಿ ಎಬ್ಬಿಸಿದ್ದು ಇದು. ಊರಿನವರಿಗೆ ಇದು ಕಾವಲು ಗೋಪುರ. ಶತ್ರು ಬಂದರೆ, ಬೆಂಕಿ ಬಿದ್ದರೆ, ಸಮುದ್ರ ಏರಿದರೆ ಗಂಟೆ ಬಾರಿಸುವುದಕ್ಕೆ.

ಮೇಲಿಂದ ಪಶ್ಚಿಮಕ್ಕೆ ನೋಡಿ. ಮೊದಲು ಕೆಂಪು ಹಂಚಿನ ಮಾಡುಗಳು, ಆಮೇಲೆ ಹಸಿರು ಬಯಲು, ಹೊಳೆ ಬಳಸಿಕೊಂಡು ಹೋಗುವುದು, ಬಯಲಿನ ಕೊನೆಯಲ್ಲಿ ಪೆನ್ಸಿಲ್ ಗೆರೆಯಷ್ಟು ತೆಳ್ಳಗೆ ಒಂದು ಒಡ್ಡು. ಅದರಾಚೆ ವಾಡನ್ ಸಮುದ್ರ. ಇಳಿತದ ಹೊತ್ತಾದರೆ ಅಲ್ಲಿ ನೀರಿಗಿಂತ ಕೆಸರೇ ಜಾಸ್ತಿ. ಹಾಲೆಂಡಿನಿಂದ ಜರ್ಮನಿ ಹಾದು ಇಲ್ಲಿವರೆಗೆ ಹಬ್ಬಿರುವ ಈ ಕೆಸರು ಸಮುದ್ರದ ಡೆನ್ಮಾರ್ಕಿನ ಭಾಗವನ್ನು 2014ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿತು. ಊರಿಗೂ ಸಮುದ್ರಕ್ಕೂ ನಡುವೆ ಐದಾರು ಕಿಲೋಮೀಟರ್ ಇದೆ, ಒಂದು ಗುಡ್ಡ ಇಲ್ಲ, ಒಂದು ದಿಣ್ಣೆ ಇಲ್ಲ. ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಕೆಳಗಿಳಿಯಿರಿ.

ಈಗ ಕಂಬ. ಚೌಕದಿಂದ ಹೊಳೆ ಕಡೆ ಇಳಿದರೆ ಸ್ಕಿಬ್ರೋಯನ್ ಅಂತ ಹಳೆಯ ಹಡಗುಕಟ್ಟೆ. ಹೋಟೆಲುಗಳ ಮೇಜು-ಕುರ್ಚಿ, ಪಕ್ಕದಲ್ಲಿ ತಳ ಚಪ್ಪಟೆ ಇರುವ ಒಂದು ಹಳೇ ಮಾದರಿಯ ದೋಣಿ, ಅಲ್ಲೇ ದಡದಲ್ಲಿ ನಿಂತ ಮರದ ಕಂಬ. ಜನ ಅದಕ್ಕೆ ಬೆನ್ನು ಕೊಟ್ಟು ಐಸ್‌ಕ್ರೀಮ್ ತಿನ್ನುತ್ತಿರುತ್ತಾರೆ. ಕಂಬದ ಮೇಲೆ ಬೇರೆ ಬೇರೆ ಎತ್ತರದಲ್ಲಿ ಇಸವಿಗಳ ಗುರುತು. ಯಾವ ವರ್ಷದ ಪ್ರವಾಹದಲ್ಲಿ ನೀರು ಎಲ್ಲಿಗೆ ಬಂದಿತ್ತು ಅಂತ. ಕೆಳಗಿನವು ಸೊಂಟದ, ಎದೆಯ ಲೆಕ್ಕ ಅನ್ನಿಸುತ್ತವೆ. ಎಲ್ಲಕ್ಕಿಂತ ಮೇಲಿನದನ್ನು ಓದಲು ತಲೆ ಎತ್ತಬೇಕು. 1634.

ಆ ವರ್ಷ ಅಕ್ಟೋಬರ್ 11ರ ರಾತ್ರಿ ಎದ್ದ ಬಿರುಗಾಳಿ ಸಮುದ್ರವನ್ನು ಸಾಮಾನ್ಯ ಮಟ್ಟಕ್ಕಿಂತ ಆರು ಮೀಟರ್ ಮೇಲೆ ತಂದು ನಿಲ್ಲಿಸಿತು. ಕೆಥೆಡ್ರಲ್ ಒಳಗೂ ನೀರು ನುಗ್ಗಿತು. ನೀವು ಬೆಳಿಗ್ಗೆ ಹೂಸುಮ್ ದಾಟಿ ಬಂದಿರಲ್ಲ, ಅದರ ಎದುರಿನ ಸ್ಟ್ರಾಂಡ್ ಎಂಬ ದೊಡ್ಡ ದ್ವೀಪ ಆ ಒಂದೇ ರಾತ್ರಿಯಲ್ಲಿ ಹರಿದು ಚೂರಾಯಿತು. ಈಗ ನಕ್ಷೆಯಲ್ಲಿ ನೋರ್ಡ್‌ಸ್ಟ್ರಾಂಡ್, ಪೆಲ್‌ವೊರ್ಮ್ ಅಂತ ಕಾಣುವವು ಅದರ ತುಂಡುಗಳು. ಇಡೀ ಕರಾವಳಿಯಲ್ಲಿ ಸತ್ತವರು ಎಂಟು ಸಾವಿರಕ್ಕೂ ಹೆಚ್ಚು. ನಮ್ಮಪ್ಪ ನೀರಾವರಿ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಗೋಪುರ, ಗಾಜು, ಬೀದಿ ಯಾವುದಕ್ಕೂ ಅವರು ಅಷ್ಟಾಗಿ ತಲೆ ಕೆಡಿಸಿಕೊಂಡಿರಲಿಲ್ಲ. ಈ ಕಂಬದ ಹತ್ತಿರ ಬಂದವರು ಕೈ ಮೇಲೆತ್ತಿ ಅಳತೆ ನೋಡಿದರು, ಹಿಂದೆ ತಿರುಗಿ ಎದುರಿನ ಮನೆಯ ಕಿಟಕಿಗಳನ್ನು ಲೆಕ್ಕ ಹಾಕಿದರು. ಆಮೇಲೆ ಕೇಳಿದ್ದು ಒಂದೇ: "ಒಡ್ಡು ಯಾವಾಗ ಕಟ್ಟಿದ್ರು?" ಇಪ್ಪತ್ತನೇ ಶತಮಾನದ ಆರಂಭದಲ್ಲಿ ಅಂದೆ. "ಅಲ್ಲೀವರೆಗೂ?" ಅಂದರು. ಅಲ್ಲಿಯವರೆಗೂ ಗಂಟೆ ಬಾರಿಸುವುದು, ಮೇಲೆ ಓಡುವುದು, ಅಷ್ಟೇ. 1999ರ ಡಿಸೆಂಬರ್ ಚಂಡಮಾರುತದಲ್ಲಿ ಸಮುದ್ರ ಮತ್ತೆ ಭಾರೀ ಎತ್ತರಕ್ಕೆ ಏರಿತು. ಆಗ ಒಡ್ಡು ತಡೆಯಿತು.

ಅಲ್ಲಿಂದ ಮುಂದೆ ಸುಮ್ನೆ ಬೀದಿ ಅಲೆಯಿರಿ. ಫಿಸ್ಕರ್‌ಗೇಡ, ಪುಗೋರ್ಸ್‌ಗೇಡ, ಕೆಥೆಡ್ರಲ್ ಹಿಂದಿನ ಸಣ್ಣ ಓಣಿಗಳು. ಮರದ ಚೌಕಟ್ಟಿನ ನಡುವೆ ಇಟ್ಟಿಗೆ ತುಂಬಿದ ಮನೆಗಳು, ಒಂದಕ್ಕೊಂದು ಒರಗಿಕೊಂಡಿವೆ. ಬಾಗಿಲು ತಗ್ಗು. ಬೇಸಿಗೆಯಲ್ಲಿ ಗೋಡೆ ಪಕ್ಕ ಕಲ್ಲಿನ ಸಂದಿಯಿಂದಲೇ ಹಾಲಿಹಾಕ್ ಹೂವಿನ ಗಿಡ ಆಳೆತ್ತರ ಬೆಳೆದಿರುತ್ತದೆ. ಇವು ಪ್ರದರ್ಶನಕ್ಕಿಟ್ಟ ಮನೆಗಳಲ್ಲ, ಜನ ವಾಸ ಇದ್ದಾರೆ. ಕಿಟಕಿಯಲ್ಲಿ ಇಣುಕಬೇಡಿ ಅಂತ ಅಮ್ಮನಿಗೆ ಹೇಳಿದ್ದೆ, ಅಮ್ಮ ಇಣುಕಿದರು, ಒಳಗಿನ ಅಜ್ಜಿ ಕೈ ಬೀಸಿದರು.

ಇಷ್ಟು ಹಳೇ ಮನೆಗಳು ಯಾಕೆ ಉಳಿದವು ಅಂದರೆ ಊರು ಬಡವಾಗಿದ್ದಕ್ಕೆ. 1580ರಲ್ಲಿ ದೊಡ್ಡ ಬೆಂಕಿ ಬಿದ್ದು ಇನ್ನೂರಕ್ಕೂ ಹೆಚ್ಚು ಮನೆ ಸುಟ್ಟವು. ಆಗ ಊರಲ್ಲಿ ದುಡ್ಡಿತ್ತು, ಮತ್ತೆ ಕಟ್ಟಿದರು. ಈಗ ನೋಡುವ ಎಷ್ಟೋ ಮನೆಗಳು ಆಮೇಲಿನವು. ನಂತರ ಹೊಳೆ ಹೂಳು ತುಂಬಿತು, ಪ್ರವಾಹ ಬಂತು, ಯುದ್ಧಗಳಾದವು, ವ್ಯಾಪಾರ ಕೈ ಬಿಟ್ಟಿತು. 1864ರ ಯುದ್ಧದಲ್ಲಿ ಡೆನ್ಮಾರ್ಕ್ ಸೋತಾಗ ಗಡಿ ಊರಿನ ದಕ್ಷಿಣದಲ್ಲೇ ಬಂದು ಕೂತಿತು, 1920ರವರೆಗೂ ಅಲ್ಲೇ ಇತ್ತು. ನೀವು ಟೋಂಡರ್‌ನಿಂದ ಬಂದ ರಸ್ತೆಯ ಬಹುಪಾಲು ಆಗ ಜರ್ಮನಿ. ದಕ್ಷಿಣದ ಬಂದರುಗಳು ಕೈತಪ್ಪಿದ ಮೇಲೆ ಡೆನ್ಮಾರ್ಕ್ 1868ರಲ್ಲಿ ಹೊಸ ಬಂದರು ಕಟ್ಟಲು ನಿರ್ಧರಿಸಿತು. ಅದು ಇಲ್ಲಿಗೆ ಬರಲಿಲ್ಲ, ಮೂವತ್ತು ಕಿ.ಮೀ. ಆಚೆಯ ಎಸ್ಬಿಯರ್ಗ್‌ಗೆ ಹೋಯಿತು. ಹಳೆಯದು ಕೆಡವಿ ಹೊಸದು ಕಟ್ಟುವಷ್ಟು ದುಡ್ಡು ರೀಬದಲ್ಲಿ ಯಾರ ಹತ್ತಿರವೂ ಇರಲಿಲ್ಲ. ಮರುದಿನ ಎಸ್ಬಿಯರ್ಗ್ ದಾಟುವಾಗ ಕ್ರೇನು, ಗಾಳಿಯಂತ್ರದ ರೆಕ್ಕೆಗಳು ಕಾಣುತ್ತವಲ್ಲ, ರೀಬ ಕಳೆದುಕೊಂಡಿದ್ದು ಅದನ್ನು.

ಎಲ್ಲರೂ ಹೇಳುವ ಇನ್ನೊಂದು ಹೆಸರು ಮಾರೆನ್ ಸ್ಪ್ಲೀಡ್. ದರ್ಜಿಯ ಹೆಂಡತಿ, ಅನುಕೂಲಸ್ಥೆ. ಇನ್ನೊಬ್ಬ ದರ್ಜಿ ಅವಳು ಮಾಟ ಮಾಡಿದಳು ಅಂತ ದೂರು ಕೊಟ್ಟ. ರಾಜ ನಾಲ್ಕನೇ ಕ್ರಿಶ್ಚಿಯನ್‌ವರೆಗೆ ಪ್ರಕರಣ ಹೋಗಿ, 1641ರ ನವೆಂಬರ್‌ನಲ್ಲಿ ಅವಳನ್ನು ಸುಟ್ಟರು. ಮಾಟಗಾತಿಯರ ಬೇಟೆಯ ಬಗ್ಗೆ 2020ರಲ್ಲಿ ತೆರೆದ ಮ್ಯೂಸಿಯಂ ಇದೇ ಊರಿನಲ್ಲಿದೆ, ಚೆನ್ನಾಗಿದೆ. ಆದರೆ ಮನಸ್ಸು ಭಾರವಾಗುತ್ತದೆ, ಮೂರು ಗಂಟೆಯ ಲೆಕ್ಕದಲ್ಲಿ ನಾನು ಸೇರಿಸುವುದಿಲ್ಲ. ಫೋಟೊಗ್ರಫಿ ಹುಚ್ಚಿದ್ದರೆ ಮಾತ್ರ ಜೇಕಬ್ ರೀಸ್ ಮನೆಗೆ ಹೋಗಿ. ನ್ಯೂಯಾರ್ಕಿನ ಕೊಳೆಗೇರಿಗಳ ಕತ್ತಲೆ ಕೋಣೆಗಳನ್ನು ಫ್ಲ್ಯಾಶ್ ಪುಡಿ ಉರಿಸಿ ಫೋಟೊ ತೆಗೆದು ಲೋಕಕ್ಕೆ ತೋರಿಸಿದ ಪತ್ರಕರ್ತ. 1849ರಲ್ಲಿ ಹುಟ್ಟಿದ್ದು ಇಲ್ಲೇ. ಪ್ರೀತಿಸಿದ ಹುಡುಗಿ ಒಲ್ಲೆ ಅಂದಳು, ಅಮೆರಿಕಕ್ಕೆ ಹೋದ, ಕೊನೆಗೆ ಅವಳೇ ಒಪ್ಪಿದಳು, ವಾಪಸ್ ಬಂದು ಇದೇ ಕೆಥೆಡ್ರಲ್‌ನಲ್ಲಿ ಮದುವೆಯಾದ.

ವೈಕಿಂಗ್ ಸೆಂಟರ್ ಬೇಡ. ಊರ ಹೊರಗೆ ಬಯಲಲ್ಲಿ ಮನೆ, ದೋಣಿ, ಕುಲುಮೆ ಎಲ್ಲ ಕಟ್ಟಿ, ಹಳೇ ಕಾಲದ ವೈಕಿಂಗ್ ಕಡಲಿಗರ ವೇಷ ಹಾಕಿಕೊಂಡು ಬದುಕಿ ತೋರಿಸುತ್ತಾರೆ. ಚಿಕ್ಕ ಮಕ್ಕಳಿದ್ದರೆ ಒಳ್ಳೆಯದೇ, ಆದರೆ ಅರ್ಧ ದಿನ ನುಂಗುತ್ತದೆ.

ಊಟದ ವಿಷಯಕ್ಕೆ ಬರೋಣ, ನಿಮ್ಮ ನಿಜವಾದ ಚಿಂತೆ ಅದೇ ಅಲ್ವಾ? ಹೋಟೆಲಿನಲ್ಲಿ ಸಸ್ಯಾಹಾರ ಸಿಗುತ್ತದೆ, ಮೊಟ್ಟೆ ಇಲ್ಲದ್ದು ಸಿಗುವುದು ಕಷ್ಟ. ಬ್ರೆಡ್ಡಿನ ಮೇಲೆ ಆಲೂಗಡ್ಡೆ ಬಿಲ್ಲೆ ಹೊದಿಸಿ ಕೊಡುವ ತಿಂಡಿ ನೋಡಿ ಆಸೆಯಾಗುತ್ತದೆ, ಅದರ ಮೇಲೆ ಮಯೊನೇಸ್ ಸುರಿದಿರುತ್ತಾರೆ. ದಾಲ್ಚಿನ್ನಿ ಸುರುಳಿ ಬ್ರೆಡ್ಡು ನಿಮಗೆ ಸ್ವರ್ಗ, ಅಪ್ಪ-ಅಮ್ಮನಿಗೆ ಕೊಡುವ ಮುಂಚೆ ಮೊಟ್ಟೆ ಇದೆಯಾ ಕೇಳಿ, ಎಲ್ಲರಿಗೂ ಇಂಗ್ಲಿಷ್ ಬರುತ್ತದೆ. ನಾನು ಮಾಡುವುದು ಹೀಗೆ: ಸೂಪರ್‌ಮಾರ್ಕೆಟ್‌ನಲ್ಲಿ ರೈ ಬ್ರೆಡ್, ಬೆಣ್ಣೆ, ಸೌತೆಕಾಯಿ, ಟೊಮೆಟೊ, ಸಾದಾ ಮೊಸರು. ಮನೆಯಿಂದ ಚಟ್ನಿಪುಡಿ, ಚಪಾತಿ, ಒಗ್ಗರಣೆ ಅವಲಕ್ಕಿ. ಹೊಳೆ ಪಕ್ಕದ ಬೆಂಚಿನಲ್ಲಿ ಕೂತು ತಿಂದರೆ ಯಾರೂ ಏನೂ ಅನ್ನುವುದಿಲ್ಲ. ಬಾತುಕೋಳಿಗಳು ಮಾತ್ರ ಬಂದು ನಿಲ್ಲುತ್ತವೆ. ದುಡ್ಡು ಬದಲಾಯಿಸುವ ಗೋಜು ಬೇಡ, ಕಾರ್ಡ್ ಎಲ್ಲ ಕಡೆ ನಡೆಯುತ್ತದೆ. ಬೆಲೆ ಕ್ರೋನದಲ್ಲಿರುತ್ತದೆ, ಒಂದು ಯೂರೋಗೆ ಏಳೂವರೆ ಕ್ರೋನ ಅಂತ ಲೆಕ್ಕ ಇಟ್ಟುಕೊಳ್ಳಿ.

ಯಾವ ಹೊತ್ತಿಗೆ ತಲುಪಬೇಕು? ಜೂನ್-ಜುಲೈ ಆದರೆ ಮಧ್ಯಾಹ್ನ ಎರಡರ ಆಸುಪಾಸು. ಗೋಪುರ ಸಂಜೆಗೆ ಮುಚ್ಚುತ್ತದೆ, ಆದ್ದರಿಂದ ಅದನ್ನು ಮೊದಲು ಮುಗಿಸಿ. ಐದರ ಹೊತ್ತಿಗೆ ಬಸ್ಸಿನ ಗುಂಪುಗಳು ಹೊರಟು ಬೀದಿ ಖಾಲಿಯಾಗುತ್ತವೆ, ಬೆಳಕು ಹತ್ತರವರೆಗೂ ಇರುತ್ತದೆ. ಅಲ್ಲೇ ರಾತ್ರಿ ಉಳಿಯುವ ಮನಸ್ಸಾದರೆ ಇನ್ನೊಂದು ಲಾಭ ಇದೆ. ಬೇಸಿಗೆಯಲ್ಲಿ ರಾತ್ರಿ ಎಂಟಕ್ಕೆ ಚೌಕದ ವೈಸ್ ಸ್ಟೂ ಎಂಬ ಹಳೇ ಊಟದ ಮನೆಯ ಮುಂದೆ ಲಾಟೀನು, ಮುಳ್ಳಿನ ಗದೆ ಹಿಡಿದ ಕಾವಲುಗಾರ ಬರುತ್ತಾನೆ. ಹಳೇ ಕಾಲದ ಗಸ್ತಿನವರ ಹಾಡು ಹೇಳುತ್ತಾ, ಡ್ಯಾನಿಶ್ ಮತ್ತು ಇಂಗ್ಲಿಷಿನಲ್ಲಿ ಕತೆ ಹೇಳುತ್ತಾ ಊರು ಸುತ್ತಿಸುತ್ತಾನೆ. ದುಡ್ಡಿಲ್ಲ. ಹೊರಡುವ ಮುಂಚೆ ಆ ವಾರದ ಸಮಯ ನೋಡಿಕೊಳ್ಳಿ.

ಮಾರ್ಚ್ ಕೊನೆ-ಏಪ್ರಿಲ್‌ನಲ್ಲೋ ಸೆಪ್ಟೆಂಬರ್-ಅಕ್ಟೋಬರ್‌ನಲ್ಲೋ ಹೋಗುವುದಾದರೆ ಲೆಕ್ಕ ಬದಲಾಗುತ್ತದೆ. ಆಗ ಟೋಂಡರ್ ಸುತ್ತಿನ ಜೌಗಿನಲ್ಲಿ ಸೂರ್ಯ ಮುಳುಗುವ ಹೊತ್ತಿಗೆ ಲಕ್ಷಗಟ್ಟಲೆ ಸ್ಟಾರ್ಲಿಂಗ್ ಹಕ್ಕಿಗಳು ಒಟ್ಟಿಗೆ ಸುತ್ತುತ್ತವೆ, ಆಕಾಶವೇ ಕಪ್ಪಾಗುತ್ತದೆ. ಅದು ಸಿಗುವ ಹಾಗಿದ್ದರೆ ರೀಬವನ್ನು ಮಧ್ಯಾಹ್ನ ಮುಗಿಸಿ ದಕ್ಷಿಣಕ್ಕೆ ವಾಪಸ್ ಬಂದರೂ ನಷ್ಟ ಇಲ್ಲ.

ರೋಮೋ ದ್ವೀಪಕ್ಕೂ ಹೋಗಬೇಕಾ ಅಂತ ಕೊನೆಯಲ್ಲಿ ಕೇಳಿದ್ದೀರಿ. ಒಂದೇ ದಿನಕ್ಕೆ ಎರಡೂ ಆಗುತ್ತದೆ, ಆದರೆ ಅಪ್ಪ-ಅಮ್ಮ ದಣಿಯುತ್ತಾರೆ. ಸಮುದ್ರದ ನಡುವೆ ಹಾಕಿದ ರಸ್ತೆಯಲ್ಲಿ ಹೋಗಿ, ಅಗಲವಾದ ಲಾಕೋಲ್ಕ್ ಬೀಚಿನ ಮರಳಿನ ಮೇಲೇ ಕಾರು ಓಡಿಸಬಹುದು. ಅದಕ್ಕೆ ಮುಂಚೆ ಬಾಡಿಗೆ ಕರಾರು ಓದಿ, ಎಷ್ಟೋ ಕಂಪನಿಗಳು ಬೀಚಿನಲ್ಲಿ ಓಡಿಸುವುದನ್ನು ಒಪ್ಪುವುದಿಲ್ಲ. ಪಕ್ಕದ ಇನ್ನೊಂದು ದ್ವೀಪ ಮ್ಯಾಂಡೋ ಅಂತೂ ಬೇಡವೇ ಬೇಡ. ಅಲ್ಲಿಗೆ ಹೋಗುವ ಜಲ್ಲಿ ದಾರಿ ಭರತದಲ್ಲಿ ಮುಳುಗುತ್ತದೆ, ಟ್ರ್ಯಾಕ್ಟರ್ ಬಸ್ಸಿಗೆ ಕಾದು ಹೋಗಿ ಬರಲು ಅರ್ಧ ದಿನಕ್ಕಿಂತ ಜಾಸ್ತಿ ಬೇಕು. ಮಳೆ ಹಿಡಿದುಕೊಂಡರೆ ಗೋಪುರ ಬಿಟ್ಟು, ರೈಲು ನಿಲ್ದಾಣದ ಎದುರಿನ ವೈಕಿಂಗ್ ಮ್ಯೂಸಿಯಂಗೆ ಒಂದು ಗಂಟೆ ಕೊಡಿ. ಆ ಹಳೇ ಸಂತೆಯಲ್ಲಿ ಸಿಕ್ಕ ಮಣಿ, ಬಾಚಣಿಗೆ, ನಾಣ್ಯ ಎಲ್ಲ ಅಲ್ಲಿವೆ. ಆಮೇಲೆ ಕೊಡೆ ಹಿಡಿದಾದರೂ ಕಂಬದ ಹತ್ತಿರ ಹೋಗಿ ಬನ್ನಿ.